ಬೀಗ ಹಾಕಿ ಕಳಿಸಿದ ಫೋಟೋ

"ಬಂದದೆ ಅಂದ್ಯಲ್ಲ, ತೋರ್ಸು," ಎಂದಳು ಕಾಶಿ.

ಬೇಲೆಕೇರಿಯಿಂದ ಮೊದಲ ಬಸ್ಸಿಗೇ ಅಂಕೋಲೆಗೆ ಬಂದಿದ್ದ ಅವಳು ನಾಗಶ್ರೀಯ ಸೈಬರ್ ಅಂಗಡಿಯಲ್ಲಿ ಕುರ್ಚಿಯ ಅಂಚಿನಲ್ಲಷ್ಟೇ ಕೂತಿದ್ದಳು. ಅವಳ ಗಂಡ ತುಳಸಿದಾಸ ದುಡಿಯುತ್ತಿದ್ದ ರತ್ನಾಗಿರಿಯ ಬೋಟು ಮುಳುಗಿ ಮೂರು ದಿನವಾಗಿತ್ತು. ಒಂದು ಹೆಣ ಸಿಕ್ಕಿತ್ತು. ಗುರುತಿಗೆಂದು ಅದರ ಫೋಟೋವನ್ನು ಅಲ್ಲಿನ ಬಂದರಿನವರು ಈ ಅಂಗಡಿಗೆ ಇ-ಮೇಲ್ ಮಾಡಿದ್ದರು.

"ಬೀಗ ಹಾಕಿ ಕಳ್ಸಿದಾರೆ ಅಕ್ಕಾ. ನಂಬರು ಒತ್ತಿದ್ರೇ ತೆರೀತದೆ, ಅದು ನಿಮಗೆ ಮಾತ್ರ ಹೇಳ್ತಾರೆ," ಎಂದು ನಾಗಶ್ರೀ ಬಂದರಿನವರಿಗೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟಳು.

"ಸತ್ತವ್ರಿಗೆ ಎಂತಕೆ ಬೀಗ?"

ಹಿಂದಿನ ವರ್ಷ ಹೀಗೇ ಬಂದಿದ್ದ ಇನ್ನೊಬ್ಬನ ಹೆಣದ ಫೋಟೋವನ್ನು ನಾಗಶ್ರೀ ಕಂಪ್ಯೂಟರಿನಿಂದ ಅಳಿಸಲು ಮರೆತಿದ್ದಳು. ಅಂಗಡಿಗೆ ಬಂದ ಯಾರೋ ಅದನ್ನು ಮೊಬೈಲಿಗೆ ಇಳಿಸಿಕೊಂಡರು. ಅದು ಕೈಯಿಂದ ಕೈಗೆ ದಾಟಿ, ಮಧ್ಯಾಹ್ನದೊಳಗೆ ಮೀನುಪೇಟೆಯಲ್ಲಿ ಬುಟ್ಟಿಯ ಮುಂದೆ ಕೂತಿದ್ದ ತಾಯಿ ಹೊನ್ನುವಿಗೇ ಮಗನ ಮುಖ ತೋರಿಸಿತ್ತು. ಇನ್ನು ಮುಂದೆ ಬೀಗ ಹಾಕಿಯೇ ಕಳಿಸಿ, ಯಾರೂ ಹಂಚದ ಹಾಗೆ ಚಿತ್ರದ ಮೇಲೆ ಅಡ್ಡಲಾಗಿ ಕಚೇರಿಯ ಹೆಸರು ಬರೆಯಿರಿ ಎಂದು ಬಂದರಿನವರನ್ನು ಬೇಡಿಕೊಂಡವಳು ಅವಳೇ. ಆದರೂ ಹೊನ್ನು ಕೂರುವ ಸಾಲಿಗೆ ಅವಳು ಮತ್ತೆ ಕಾಲಿಟ್ಟಿರಲಿಲ್ಲ.

ಕಾಶಿ ಫೋನಿಟ್ಟಳು. "ಅಂಕಿ ಗೊತ್ತದೆ ನಂಗೆ. ನಾನೇ ಒತ್ತೂದು."

ನಾಗಶ್ರೀ ಮುಖ ತಿರುಗಿಸಿದಳು. ಕೀಲಿಮಣೆಯ ಮೇಲೆ ಒಂದೊಂದೇ ಅಂಕಿ, ಹುಡುಕಿ ಹುಡುಕಿ, ಆರು ಸಲ.

ಚಿತ್ರ ತೆರೆಯಿತು. ಹಣೆಯಿಂದ ಗದ್ದದವರೆಗೆ ದಪ್ಪ ಬಿಳಿ ಅಕ್ಷರಗಳು ಓರೆಯಾಗಿ ಹಾದಿದ್ದವು.

"ಈ ಬರಹ ತೆಗಿ. ಮುಖ ಕಾಣೂದಿಲ್ಲ."

"ತೆಗೂಕೆ ಬರೂದಿಲ್ಲ ಅಕ್ಕಾ. ಚಿತ್ರದ ಒಳಗೇ ಕೂತದೆ ಅದು." ನಾಗಶ್ರೀಯ ದನಿ ಸಣ್ಣದಾಯಿತು.

ಕಾಶಿ ಬಗ್ಗಿ, ಅಕ್ಷರಗಳ ಸಂದಿನಲ್ಲಿ ಬಹಳ ಹೊತ್ತು ನೋಡಿದಳು. "ಕಿವಿ... ಗಾಳ ಸಿಕ್ಕಿ ಹರ್ದದ್ದು. ಅವ್ರೇ." ಆಮೇಲೆ ಕೇಳಿದಳು, "ಮನೆಗೆ ತರೂಕೆ ಆಗೂದಾ?"

"ಹೆಣ ತಡೀಲಿಕ್ಕಿಲ್ಲ, ಗುರುತು ಸಿಕ್ರೆ ಇವತ್ತೇ ಅಲ್ಲೇ ಸುಡ್ಬೇಕು ಅಂದಿದಾರೆ."

"ಹಾಂಗಾರೆ ನಾ ನೋಡೂದು ಇಷ್ಟೇ."

ಅವಳು ಸೆರಗಿನ ತುದಿಯನ್ನು ನಾಲಗೆಗೆ ತಾಗಿಸಿ ಒದ್ದೆ ಮಾಡಿಕೊಂಡಳು. ಮಲಗಿದವರನ್ನು ಎಬ್ಬಿಸದ ಹಾಗೆ ಮೆಲ್ಲಗೆ, ಪರದೆಯ ಮೇಲಿನ ಹಣೆಯನ್ನು, ಆಮೇಲೆ ಕೆನ್ನೆಯನ್ನು ಒರೆಸಿದಳು. ನಾಗಶ್ರೀ ತಡೆಯಲಿಲ್ಲ. ಗಾಜಿನ ಧೂಳು ಹೋಗಿ ಅಕ್ಷರಗಳು ಇನ್ನಷ್ಟು ಬೆಳ್ಳಗಾದವು.