ಎಚ್ ದೊಡ್ಡದೋ, ಡಬ್ಲ್ಯು ದೊಡ್ಡದೋ?

ಟೈರ್ ಬೋಳಾಗುವುದಕ್ಕೆ ಹೊತ್ತುಗೊತ್ತು ಇರುವುದಿಲ್ಲ. ಅಯ್ಯೋ, ತಪ್ಪು ಹೇಳಿದೆ. ಟೈರ್ ಪಾಪ ದಿನಾ ಸವೆಯುತ್ತಲೇ ಇರುತ್ತದೆ, ಹೊತ್ತುಗೊತ್ತು ಇಲ್ಲದಿರುವುದು ನಾವು ಅದನ್ನು ನೋಡುವುದಕ್ಕೆ. ನಮ್ಮ ಟ್ಯೂಶನ್ ಮೇಷ್ಟ್ರು ನೋಡಿದ್ದು ಯಾವಾಗ ಅಂತೀರಿ? ಹೊಸದಾಗಿ ಹುಟ್ಟಿದ ಮೊಮ್ಮಗಳು ಆಸ್ಪತ್ರೆಯಿಂದ ಮನೆಗೆ ಬರುವ ದಿನ ಬೆಳಿಗ್ಗೆ!

ಆಗಷ್ಟೇ ಅಳಿಯ ಫೋನ್ ಮಾಡಿದ್ದ. "ಮಾವ, ಮಧ್ಯಾಹ್ನ ಡಿಸ್ಚಾರ್ಜ್ ಮಾಡ್ತಾರಂತೆ. ನೀವ್ಯಾಕೆ ಅಷ್ಟು ದೂರ ಬರ್ತೀರಿ? ಟ್ಯಾಕ್ಸಿ ಮಾಡ್ಕೊಂಡು ಬರ್ತೀವಿ ಬಿಡಿ."

"ಟ್ಯಾಕ್ಸಿನಾ? ತಲೆ ಕೆಟ್ಟಿದೆಯೇನಪ್ಪಾ ನಿಂಗೆ? ನನ್ನ ಮೊಮ್ಮಗಳು ಮೊದಲನೇ ಸಲ ಮನೆಗೆ ಬರೋದು ನನ್ನ ಕಾರಲ್ಲೇ!"

ಆ ಕಾರು ಅಂತಿಂಥ ಕಾರಲ್ಲ. ಒಬ್ಬ ಡಾಕ್ಟರಿಂದ ಮೇಷ್ಟ್ರು ಆಸೆಪಟ್ಟು ಕೊಂಡ ಐಷಾರಾಮಿ ಕಾರು. ಬೀದಿಯವರೆಲ್ಲ ಸೇರಿ ಅದಕ್ಕೆ 'ಮಹಾರಾಜ' ಅಂತ ಹೆಸರಿಟ್ಟಿದ್ದರು. ಬಾಗಿಲು ಹಾಕಿದರೆ ಹಾಕಿದ್ದೇ ಗೊತ್ತಾಗುವುದಿಲ್ಲ. ಹಿಂದಿನ ಸೀಟಿಗೆ ಮೇಷ್ಟ್ರು ಆಗಲೇ ಮಗುವಿನ ಸೀಟು ಬಿಗಿದು, ಅದರಲ್ಲಿ ಹಿಟ್ಟಿನ ಚೀಲ ಕೂರಿಸಿ, ಬೆಲ್ಟ್ ಹಾಕಿ, ಬೀದಿ ಸುತ್ತಿ ಬಂದಿದ್ದರು. ಸಂಭ್ರಮ ಅಂದರೆ ಸಂಭ್ರಮ! ಆವತ್ತು ಬೆಳಿಗ್ಗೆ ಹಾಡು ಗುನುಗುತ್ತಾ ಕಾರು ಒರೆಸುತ್ತಿದ್ದಾಗ ಕೈ ಟೈರಿನ ಮೇಲೆ ಹೋಯಿತು. ಅವರ ತಲೆಗಿಂತ ನುಣ್ಣಗಿತ್ತು.

ಮೇಷ್ಟ್ರು ಒರೆಸುವ ಬಟ್ಟೆ ಅಲ್ಲೇ ಬಿಸಾಕಿದರು. ತಕ್ಷಣ ನಾದಿನಿಗೆ ಫೋನ್ ಮಾಡಿದರು. ಹೆಂಡತಿಯ ತಂಗಿಯಾದ ಈಕೆ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಬಾಯಿ ಜೋರು, ಮನಸ್ಸು ಬೆಣ್ಣೆ.

"ಬೋಳು ಟೈರಲ್ಲಿ ಹೈವೇಗೆ ಹೋಗೋದಾ? ನಿಧಾನಕ್ಕೆ ಟೈರ್ ಅಂಗಡಿಗೆ ತಗೊಂಡು ಬನ್ನಿ ಭಾವ. ನಾನೂ ಬಂದೆ."

ಅಂಗಡಿಯವರು ಕಾರಿನ ಸುತ್ತ ಒಂದು ಸುತ್ತು ಬಂದರು. "ನಾಲ್ಕೂ ಹೋಗಿದೆ ಸಾರ್. ಈ ಅಳತೆಯಲ್ಲಿ ಎಚ್ ಈಗಲೇ ಇದೆ. ಡಬ್ಲ್ಯು ಬೇಕಂದ್ರೆ ಗೋದಾಮಿಂದ ತರಿಸ್ಬೇಕು, ಸಂಜೆ ಆಗುತ್ತೆ."

"ಎಚ್ಚು, ಡಬ್ಲ್ಯು ಅಂದ್ರೆ ಏನ್ರೀ?"

ಅಂಗಡಿಯವರು ಹೊಸ ಟೈರಿನ ಮೈ ಮೇಲೆ ಬೆರಳಿಟ್ಟು ತೋರಿಸಿದರು. ಮೊದಲು ಅಳತೆ. ಆಮೇಲೆ ಒಂದು ಸಂಖ್ಯೆ, ಅದರ ಪಕ್ಕದಲ್ಲೇ ಒಂದು ಅಕ್ಷರ.

ಮೇಷ್ಟ್ರ ಮುಖ ಅರಳಿತು. ಜೀವನವೆಲ್ಲ ಮಕ್ಕಳಿಗೆ ದರ್ಜೆ ಕೊಟ್ಟವರು! "ಓಹೋ! ಎ ಅಂದ್ರೆ ಫಸ್ಟು, ಬಿ ಅಂದ್ರೆ ಸೆಕೆಂಡು. ಎಚ್ ಎಂಟನೇದು. ಡಬ್ಲ್ಯು ಇಪ್ಪತ್ಮೂರನೇದು! ಕೊನೇ ಬೆಂಚಿನ ಟೈರ್ ಕಟ್ಕೊಂಡು ನಾನೇನು ಮಾಡ್ಲಿ? ಎಚ್ಚೇ ಹಾಕ್ರೀ, ಬೇಗ ಬೇಗ!"

ಜ್ಯಾಕ್ ಕಾರಿನ ಕೆಳಗೆ ಹೋಗುವಷ್ಟರಲ್ಲಿ ನಾದಿನಿ ಬಂದಳು. ಮಾತು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಭಾವ, ಇದು ಮಾರ್ಕ್ಸ್ ಕಾರ್ಡ್ ಅಲ್ಲ! ಇದು ವೇಗದ ಅಕ್ಷರ. ಟೈರ್ ಎಷ್ಟು ವೇಗ ತಡ್ಕೊಳ್ಳುತ್ತೆ ಅಂತ ಹೇಳೋದು. ಎಚ್ ಅಂದ್ರೆ ಗಂಟೆಗೆ ಇನ್ನೂರ ಹತ್ತು ಕಿಲೋಮೀಟರ್. ಡಬ್ಲ್ಯು ಅಂದ್ರೆ ಇನ್ನೂರ ಎಪ್ಪತ್ತು."

"ಹಾಗಾದ್ರೆ ಅಕ್ಷರ ಮುಂದೆ ಹೋದ ಹಾಗೆ ಜಾಸ್ತಿ ಅನ್ನು."

"ಹೆಚ್ಚುಕಮ್ಮಿ ಹಾಗೇ. ಎಸ್ಸು, ಟೀ, ಯೂ, ಎಚ್ಚು, ವೀ, ಡಬ್ಲ್ಯು, ವೈ."

"ಏನು? ಯೂ ಆದ್ಮೇಲೆ ಎಚ್ಚಾ? ಯಾವ ಶಾಲೆಯಲ್ಲಿ ಓದಿದ್ರಂತೆ ಇವರು!" ಮೇಷ್ಟ್ರಿಗೆ ಕೆಂಡದಂಥ ಕೋಪ ಬಂತು.

"ಅದಕ್ಕೇ ಹೇಳೋದು, ಊಹೆ ಮಾಡ್ಬಾರ್ದು, ನೋಡ್ಬೇಕು." ನಾದಿನಿ ಡ್ರೈವರ್ ಕಡೆಯ ಬಾಗಿಲು ತೆಗೆದಳು. ಬಾಗಿಲು ಕೂರುವ ಚೌಕಟ್ಟಿನಲ್ಲಿ ಒಂದು ಚೀಟಿ ಅಂಟಿತ್ತು. ಮೇಷ್ಟ್ರು ಕಾರು ತೊಳೆದಾಗಲೆಲ್ಲ ಅದನ್ನೂ ಒರೆಸಿದ್ದರು, ಓದಿರಲಿಲ್ಲ. ಅಲ್ಲಿ ಅಳತೆ, ಸಂಖ್ಯೆ, ಕೊನೆಗೆ ಅಚ್ಚುಕಟ್ಟಾಗಿ ಡಬ್ಲ್ಯು.

ಆದರೂ ಮೇಷ್ಟ್ರು ಸುಮ್ಮನೆ ಸೋಲುವವರೇ? "ಅಲ್ಲಮ್ಮ, ನಾನು ಎಂಬತ್ತು ದಾಟೋನೇ ಅಲ್ಲ. ಇನ್ನೂರ ಹತ್ತೇ ನಂಗೆ ಧಾರಾಳ ಆಯ್ತು. ಇನ್ನೂರ ಎಪ್ಪತ್ತು ಇಟ್ಕೊಂಡು ಆಕಾಶಕ್ಕೆ ಹಾರ್ಲಾ?"

"ಅಳತೆ ಒಂದೇ, ಕೂರೋದೇನೋ ಕೂರುತ್ತೆ," ಅಂದರು ಅಂಗಡಿಯವರು.

"ನನ್ನ ಚಪ್ಪಲಿನೂ ನಿಮ್ಮ ಕಾಲಿಗೆ ಕೂರುತ್ತೆ. ಹಾಕ್ಕೊಂಡು ಓಡ್ತೀರಾ?" ಅಂದಳು ನಾದಿನಿ. ಅಂಗಡಿಯವರು ನಗುತ್ತಾ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟರು.

ಅಷ್ಟರಲ್ಲಿ ಹೈವೇ ಕಡೆಯಿಂದ ಒಂದು ಕಾರು ಗಾಳಿ ತುಂಬಿಸಲು ಬಂದು ನಿಂತಿತು. ನಾದಿನಿ ಮೇಷ್ಟ್ರ ಕೈ ಹಿಡಿದು ಅದರ ಟೈರಿನ ಮೇಲಿಟ್ಟಳು. ಮೇಷ್ಟ್ರು "ಅಬ್ಬಬ್ಬಾ!" ಅಂತ ಕೈ ಎಳೆದುಕೊಂಡರು.

"ನೋಡಿದ್ರಾ? ಟೈರ್ ಉರುಳ್ತಾ ಉರುಳ್ತಾ ಬಗ್ಗುತ್ತೆ, ಏಳುತ್ತೆ, ಅದಕ್ಕೇ ಬಿಸಿ. ನಿಮ್ಮ ಮಹಾರಾಜ ಇದಕ್ಕಿಂತ ಎಷ್ಟೋ ಭಾರ. ಮೇಲೆ ಜನ, ಸಾಮಾನು, ಬಿಸಿಲು, ಗುಂಡಿ. ಒಂದಿನ ಗಾಳಿ ನೋಡೋದು ಮರೆತೇ ಹೋಗುತ್ತೆ. ಆ ಇನ್ನೂರ ಹತ್ತು ಇದೆಯಲ್ಲ, ಅದು ಹೊಸ ಟೈರಿಗೆ, ಗಾಳಿ ಸರಿಯಾಗಿ ತುಂಬಿಸಿ ಪರೀಕ್ಷೆ ಮಾಡಿದಾಗ ಬಂದ ಲೆಕ್ಕ. ರಸ್ತೆಗಿಳಿದ್ರೆ ಅಷ್ಟೇ ಉಳಿಯುತ್ತೆ ಅಂತಿಲ್ಲ."

ಮೇಷ್ಟ್ರು ಅಂಗೈ ಉಜ್ಜಿಕೊಂಡರು.

"ಬರೀ ವೇಗದ ಮಾತಲ್ಲ ಭಾವ. ಎದುರಿಗೆ ಏನೋ ಬಂತು, ಗಕ್ಕನೆ ಬ್ರೇಕ್ ಹಾಕಿದ್ರಿ, ಸ್ಟೇರಿಂಗ್ ತಿರುಗಿಸಿದ್ರಿ. ಆಗ ಈ ಕಾರು ಹೇಗೆ ನಿಲ್ಬೇಕು, ಹೇಗೆ ತಿರುಗ್ಬೇಕು ಅಂತ ಕಾರು ಮಾಡಿದವರು ಲೆಕ್ಕ ಹಾಕಿರೋದು ಡಬ್ಲ್ಯು ಟೈರ್ ಇಟ್ಕೊಂಡು. ಅವರು ಹೇಳಿದ್ದಕ್ಕಿಂತ ಮೇಲಿನ ಅಕ್ಷರ ಇದ್ರೂ ನಡೆಯುತ್ತೆ, ಕೆಳಗಿಂದು ಬೇಡ. ಪಕ್ಕದ ಸಂಖ್ಯೆನೂ ಅಷ್ಟೇ, ಅದು ಭಾರದ್ದು, ಕಮ್ಮಿ ಆಗ್ಬಾರ್ದು. ಮತ್ತೆ ಡಬ್ಲ್ಯು ಇದೆ ಅಂತ ಜೋರಾಗಿ ಓಡ್ಸೋ ಹಾಗೂ ಇಲ್ಲ. ವೇಗದ ಮಿತಿ ಎಲ್ರಿಗೂ ಒಂದೇ."

ಮೇಷ್ಟ್ರು ಹಿಂದಿನ ಸೀಟಿನ ಕಡೆ ನೋಡಿದರು. ಮಗುವಿನ ಸೀಟು, ಅದರ ಮೇಲೆ ಉದುರಿದ ಚೂರು ಹಿಟ್ಟು. ಅವರಿಗೆ ಭಯವಾಯಿತು, ನಿಜವಾಗಿ ಭಯವಾಯಿತು. ಗಡಿಯಾರ ನೋಡಿದರು. ಸಂಜೆಯವರೆಗೆ ಕಾದರೆ ಆಸ್ಪತ್ರೆಗೆ ಹೋಗುವುದು ಯಾವಾಗ? ಮಹಾರಾಜನಲ್ಲೇ ಕರೆತರಬೇಕು ಅಂತ ಎಷ್ಟು ಕನಸು ಕಂಡಿದ್ದರು!

"ಡಬ್ಲ್ಯುನೇ ತರಿಸ್ರೀ," ಅಂದರು ಕೊನೆಗೆ. "ಕಾರು ಇಲ್ಲೇ ಇರಲಿ. ಏ, ನಿನ್ನ ಕಾರು ಕೊಡ್ತೀಯೇನೇ?"

"ಕೊಡೋದೇನು, ನಾನೇ ಓಡಿಸ್ತೀನಿ. ನಡೀರಿ!"

ಮೇಷ್ಟ್ರು ಮಗುವಿನ ಸೀಟು ಬಿಚ್ಚಿ ಡ್ರೈವಿಂಗ್ ಸ್ಕೂಲಿನ ಪುಟ್ಟ ಕಾರಿಗೆ ಬಿಗಿದರು. ಹತ್ತುವ ಮೊದಲು ಬಾಗಿಲಿನ ಚೀಟಿ ಓದಿದರು, ಬಗ್ಗಿ ಟೈರ್ ನೋಡಿದರು. ಎರಡರಲ್ಲೂ ಟೀ.

"ಇದೇನೇ, ಎಚ್ಚಿಗಿಂತಲೂ ಕೆಳಗಿಂದು! ನಂಗೆ ಅಷ್ಟು ಪಾಠ ಹೇಳಿದೆ?"

"ಈ ಕಾರು ಕೇಳೋದು ಟೀ, ನಾನು ಹಾಕಿರೋದು ಟೀ. ದೊಡ್ಡ ಅಕ್ಷರ ಬೇಕು ಅಂತ ಅಲ್ಲ ಭಾವ. ಕಾರು ಏನು ಕೇಳುತ್ತೋ ಅದಕ್ಕಿಂತ ಕಮ್ಮಿ ಹಾಕ್ಬಾರ್ದು, ಅಷ್ಟೇ."

ಮಧ್ಯಾಹ್ನ ಆಸ್ಪತ್ರೆಯ ಬಾಗಿಲಲ್ಲಿ ಮಗಳು ಕೇಳಿದಳು, "ಅಪ್ಪಾ, ಮಹಾರಾಜ ಎಲ್ಲಿ?"

"ಅವನ ಟೈರಿನ್ನೂ ಬಂದಿಲ್ಲ ಕಣಮ್ಮ. ಮಹಾರಾಣಿನ ಕಾಯಿಸೋಕಾಗುತ್ತಾ? ನಡಿ ನಡಿ!"

ಮಗಳು, ಮಗು, ಮಗಳ ಜೊತೆ ಆಸ್ಪತ್ರೆಯಲ್ಲೇ ಇದ್ದ ಮೇಷ್ಟ್ರ ಹೆಂಡತಿ ಹಿಂದೆ ಕೂತರು. ಅಳಿಯ ಸಾಮಾನು ಹೊತ್ತು ಟ್ಯಾಕ್ಸಿಯಲ್ಲಿ ಹಿಂದೆ ಬಂದ. ಮುಂದೆ ಕೂತ ಮೇಷ್ಟ್ರ ಕಾಲ ಕೆಳಗೇ ಡ್ರೈವಿಂಗ್ ಕಲಿಸುವವರಿಗೆಂದು ಇಟ್ಟ ಎರಡನೇ ಬ್ರೇಕಿತ್ತು. "ಅದನ್ನೇನಾದ್ರೂ ಮುಟ್ಟಿದ್ರೆ ಇಲ್ಲೇ ಇಳಿಸಿ ಹೋಗ್ತೀನಿ," ಅಂದಳು ನಾದಿನಿ. ಮೇಷ್ಟ್ರು ದಾರಿಯುದ್ದಕ್ಕೂ ಕಾಲು ಮಡಚಿಕೊಂಡು ಕೂತರು. ಮನೆ ಮುಂದೆ ಕಾರು ನಿಂತಾಗ ಬೀದಿಯೆಲ್ಲ ಸೇರಿತ್ತು. ಕಾರಿನ ನೆತ್ತಿಯ ಮೇಲೆ ದೊಡ್ಡದಾಗಿ 'ಕಲಿಯುವವರು' ಅಂತ ಬರೆದಿತ್ತು.

"ಯಾರು ಮೇಷ್ಟ್ರೇ ಕಲಿಯುವವರು? ಮೊಮ್ಮಗಳಾ?" ಅಂತ ಪಕ್ಕದ ಮನೆಯವರು ಕಿಚಾಯಿಸಿದರು.

"ನಾನು ಕಣ್ರೀ!" ಅಂದರು ಮೇಷ್ಟ್ರು. ಮಗುವನ್ನು ಎದೆಗವಚಿಕೊಂಡು ಒಳಗೆ ಹೋದರು. ಅದು ಗಾಢ ನಿದ್ದೆಯಲ್ಲಿತ್ತು.

ಈಗ ನಿಮ್ಮ ಸರದಿ. ನಿಮ್ಮ ಕಾರು ಮಹಾರಾಜನಾಗಿರಲಿ, ಪುಟಾಣಿಯಾಗಿರಲಿ, ಡ್ರೈವರ್ ಕಡೆಯ ಬಾಗಿಲು ತೆಗೆದು ಚೀಟಿ ಓದಿ. ಅಲ್ಲಿಲ್ಲದಿದ್ದರೆ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಆಮೇಲೆ ನಾಲ್ಕೂ ಟೈರ್ ಹತ್ತಿರ ಬಗ್ಗಿ ಅಕ್ಷರ ನೋಡಿ. ತಾಳೆಯಾಗದಿದ್ದರೆ ತಿಳಿದವರನ್ನು ಕೇಳಿ. ನಾಳೆ ನೋಡೋಣ ಅನ್ನಬೇಡಿ. ಹಿಂದಿನ ಸೀಟಿನಲ್ಲಿ ಕೂರುವವರು ನಿಮ್ಮವರೇ ಅಲ್ಲವೇ? ಏಳಿ, ಹೋಗಿ ನೋಡಿಕೊಂಡು ಬನ್ನಿ.