ಹಿಂದಿನ ಬಾಗಿಲ ಸ್ಪೀಕರು

ಯಲ್ಲೇಶನ ಬಿಳಿ ಕಾರು ಅವನ ಕೈಗೆ ಬರುವ ಮುಂಚೆ ಆರು ವರ್ಷ ಸಂಡೂರಿನ ಗಣಿಗಳಲ್ಲಿ ಓಡಿತ್ತು. ಎಷ್ಟು ತೊಳೆದರೂ ಬಾಗಿಲ ಸಂದಿಯಿಂದ ಕೆಂಪು ನೀರು ಇಳಿಯುವುದು ನಿಲ್ಲಲಿಲ್ಲ. "ಎಲಿಅಡಿಕಿ ತಿನ್ನೋ ಕಾರು ತಂದಾನ ನನ್ನ ಮಗ" ಅಂತ ಅವನ ತಾಯಿ ಹಂಪಕ್ಕ ಕಂಪ್ಲಿಯ ಓಣಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಬಣ್ಣ ಹೇಗೋ ನಡೆಯುತ್ತಿತ್ತು, ನಡೆಯದೆ ಇದ್ದದ್ದು ಅದರ ದನಿ. ಮುಂದಿನ ಎರಡು ಬಾಗಿಲ ಸ್ಪೀಕರುಗಳು ಹಾಡು ಹಾಕಿದರೆ ಅಷ್ಟಿಷ್ಟು ಏಗುತ್ತಿದ್ದವು, ಮಾತು ಹಾಕಿದರೆ ನೆಗಡಿಯಾದ ಮುದುಕನಂತೆ ಗೊರಗೊರ ಅನ್ನುತ್ತಿದ್ದವು. ಹಿಂದಿನವಕ್ಕೆ ಅಷ್ಟೂ ಜೀವವಿರಲಿಲ್ಲ, ಬರೀ ಪಿಸುಗುಡುತ್ತಿದ್ದವು.

ಯಲ್ಲೇಶನಿಗೆ ಇದೇನೂ ತೊಂದರೆಯಲ್ಲ. ತೊಂದರೆಯಾದದ್ದು ಅವನ ತಂಗಿ ಚಂದ್ರಕಲಾಗೆ.

ಚಂದ್ರಕಲಾ ಇತಿಹಾಸ ಓದಿ ಬಿ.ಎ. ಮುಗಿಸಿದವಳು. ಹಂಪಿಯ ಗೈಡ್ ಆಗಬೇಕೆಂಬ ಆಸೆಗೆ ಹೋದ ವರ್ಷ ಆಯ್ಕೆಯ ಸಂದರ್ಶನಕ್ಕೂ ಹೋಗಿ ಬಂದಿದ್ದಳು. ಮೇಜಿನಾಚೆ ಐದು ಜನ ಕೂತು "ಹೇಳಮ್ಮಾ" ಅಂದಾಗ ಗಂಟಲು ಕಟ್ಟಿತು. ಹೊರಗೆ ಬಂದದ್ದು ತನ್ನ ಹೆಸರೊಂದೇ, ಅದೂ ಮುಕ್ಕಾಲು. ಆಮೇಲೆ ಮನೆಯಲ್ಲಿ ಯಾರೂ ಆ ಸುದ್ದಿ ಎತ್ತಲಿಲ್ಲ, ಎತ್ತದೆ ಇದ್ದದ್ದೇ ಆಕೆಗೆ ಹೆಚ್ಚು ಚುಚ್ಚಿತು. ಹೇಳಲಾಗದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದಳು. ಹೊಸಪೇಟೆ ಬಿಟ್ಟು ಹಂಪಿ ಮುಟ್ಟುವ ತನಕ ದಾರಿಯಲ್ಲಿ ಕಾಣುವುದು, ಕಾಣದೆ ಇರುವುದು, ರಾಜರ ಕಥೆಯಷ್ಟೇ ಅಲ್ಲ, ಕಲ್ಲು ಎಳೆದವರದು, ಎಳೆದವರಿಗೆ ಬುತ್ತಿ ಹೊತ್ತವರದು. ಬರೆದದ್ದನ್ನು ಫೋನಿನಲ್ಲಿ ಓದಿಟ್ಟಳು. ಮನೆಯ ಹಿಂದೆಯೇ ರೈಸ್‌ಮಿಲ್ಲು. ಅದು ಊಟಕ್ಕೆ ನಿಲ್ಲುವ ಮುಕ್ಕಾಲು ಗಂಟೆ ಮಾತ್ರ ಆಕೆಯದು. ಆ ಹೊತ್ತಿಗೆ ಕೌದಿ ಹೊದ್ದು ಒಳಗೆ ಬೆವರುತ್ತ ಓದುವಾಗ ಆಕೆಯ ಗಂಟಲು ಎಲ್ಲೂ ಕಟ್ಟುತ್ತಿರಲಿಲ್ಲ. ಕೌದಿಯೊಳಗೆ ಆಕೆ ಬೇರೆಯೇ ಹೆಂಗಸು.

ಯಲ್ಲೇಶನ ಕಾರು ಹೊಸಪೇಟೆಯ ಈಶ್ವರ್ ಎಂಬುವವರ ಟ್ರಾವೆಲ್ಸಿಗೆ ಅಟ್ಯಾಚ್ ಆಗಿತ್ತು. ಅಂಥ ಹನ್ನೊಂದು ಗಾಡಿ ಅವರ ಕೈಕೆಳಗೆ. ಯಲ್ಲೇಶ ಒಂದು ದಿನ ಹೆದರುತ್ತಲೇ, ತಂಗಿ ಓದಿಟ್ಟದ್ದನ್ನು ಗಾಡಿಯ ಗಿರಾಕಿಗಳಿಗೆ ಕೇಳಿಸುವ ವಿಷಯ ತೆಗೆದ. ಈಶ್ವರ್ ಹಲ್ಲು ಚುಚ್ಚಿಕೊಳ್ಳುತ್ತ ಕೇಳಿಸಿಕೊಂಡರು.

"ಸೋಮವಾರ ಹಂಪಿಗೆ ಹೊಂಟೀನಿ. ನಿನ್ನ ಗಾಡ್ಯಾಗ ಬರ್ತೀನಿ, ಹಚ್ಚು, ಕೇಳೋಣ. ಚಲೋ ಇದ್ರ ಹನ್ನೊಂದೂ ಗಾಡಿಗೆ ಹಾಕೋಣ. ಕೊನಿಗೆ ಅಕೀ ಹೆಸರೂ ಇರ್ಲಿ, ಅದಕ್ಕೇನು."

ಹೆಸರು! ಚಂದ್ರಕಲಾ ಆ ಕೊನೆಯ ಸಾಲನ್ನು ಎರಡು ಮಧ್ಯಾಹ್ನ ಪೂರ್ತಿ ಓದಿದಳು. "ಇಷ್ಟು ಹೊತ್ತು ನಿಮ್ಮ ಜೊತೆ ಮಾತಾಡಿದವಳು ಕಂಪ್ಲಿಯ ಚಂದ್ರಕಲಾ." ಕಾರಿನಲ್ಲಿ ಹಾಕಿ ಕೇಳಿದರೆ ಕಂಪ್ಲಿಯೂ ತಿಳಿಯಲಿಲ್ಲ, ಚಂದ್ರಕಲಾಳೂ ತಿಳಿಯಲಿಲ್ಲ.

ಟ್ಯೂಷನ್ನಿನಿಂದ ಉಳಿಸಿದ ಐದು ಸಾವಿರ ಆಕೆಯ ಹತ್ತಿರವಿತ್ತು. ಶನಿವಾರ ಅಣ್ಣ ತಂಗಿ ಇಬ್ಬರೂ ಹೊಸಪೇಟೆಯ ಮಾಲತೇಶನ ಅಂಗಡಿಗೆ ಹೋದರು. ಕಾರಿನ ಸ್ಪೀಕರು ಜೋಡಿಸುವುದು ಮಾಲತೇಶನ ಕಸುಬು, ಮಾತಾಡುವುದು ಹವ್ಯಾಸ. ಮುಂದಿನ ಬಾಗಿಲ ಒಳಹೊದಿಕೆ ಬಿಚ್ಚಿ ಸ್ಪೀಕರನ್ನು ಹೊರಗೆಳೆದವನೇ ಗಹಗಹಿಸಿ ನಕ್ಕ.

"ಯಲ್ಲೇಶಣ್ಣ, ಇಲ್ಲಿ ನೋಡ್ರಿ ಗಣಿ! ಪರ್ಮಿಟ್ ಐತೇನು ಇದಕ್ಕ?"

ಸ್ಪೀಕರಿನ ಹಿಂಭಾಗದ ಅಯಸ್ಕಾಂತಕ್ಕೆ ಅದಿರಿನ ಪುಡಿ ಮೀಸೆಯ ಹಾಗೆ ಅಂಟಿಕೊಂಡಿತ್ತು. ಗಣಿಯವರು ಮುಂದಿನ ಕಿಟಕಿ ಇಳಿಸಿಕೊಂಡೇ ತಿರುಗಿದ್ದರು. ಆರು ವರ್ಷದ ಧೂಳು ಗಾಜಿನ ಸಂದಿಯಿಂದ ಇಳಿದು ಕಾಗದದ ಶಂಕುವಿನ ಒಳಗೂ ಸೇರಿತ್ತು. ಉಜ್ಜಿದರೆ ಹೋಗುವ ಧೂಳು ಅದಲ್ಲ.

"ಐದು ಸಾವಿರದಾಗ ನಾಕೂ ಬದಲಾಯ್ಸಾಕ ಆಗಲ್ರಿ," ಅಂದ ಮಾಲತೇಶ. "ಆಂಪ್ಲಿಫಯರ್ರು, ಬೇಸು ಅವೆಲ್ಲ ಬ್ಯಾಡ. ಒಂದ ಜೋಡಿ, ಚಲೋವು. ಬಾಗಿಲ ತಗಡಿಗೆ ಒಳಗಿಂದ ಡಾಂಬರು ಶೀಟ್ ಬಡಿತೀನಿ, ಮಾಳಿಗಿ ಸೋರಿದ್ರ ಹಚ್ತಾರಲ್ಲ, ಅದಾ. ಹಂಗ ಮಾಡಿದ್ರ ತಗಡು ನಡುಗಲ್ಲ, ಮಾತು ಗಟ್ಟಿ ಬರ್ತೈತಿ. ಆದ್ರ ಒಂದು ಮಾತು, ಜೋಡಿ ಒಂದ ಅಂದ್ರ ಮುಂದಿನ ಬಾಗ್ಲಿಗೆ ಹಾಕ್ಸ್ರಿ. ಎಲ್ಲಾರೂ ಹಂಗ ಮಾಡೋದು."

ಚಂದ್ರಕಲಾ ಅಣ್ಣನ ಕಿವಿಯ ಹತ್ತಿರ ಬಾಗಿ ಏನೋ ಅಂದಳು.

"ಏನಂತಾರ ತಂಗಿ?"

"ಗಿರಾಕಿ ಹಿಂದ ಕುಂದರ್ತಾರ, ಹಿಂದ ಹಾಕ್ಸು ಅಂತಾಳ."

ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹಂಪಿಗೆ ಹೋಗುವ ಗಾಡಿಗಳಲ್ಲಿ ಹಣ ಕೊಟ್ಟವರು ಹಿಂದೆ ಕೂರುತ್ತಾರೆ. ಡ್ರೈವರನ ಪಕ್ಕದ ಸೀಟು ನೀರಿನ ಬಾಟಲಿ, ಟೋಪಿ, ಬಾಳೆಹಣ್ಣಿನ ಗೊನೆಗೆ ಮೀಸಲು. ಯಾರ ಕಿವಿಗೆ ಹೇಳಬೇಕೋ ಅವರ ಮೊಣಕಾಲಿನ ಹತ್ತಿರವೇ ಮಾತು ಹುಟ್ಟಲಿ ಅಂತ ಆಕೆ ಯೋಚಿಸಿದ್ದಳು. ಮಾಲತೇಶ ಭುಜ ಕುಣಿಸಿದ.

"ನಿಮ್ಮಿಷ್ಟ. ಹಂಗಾದ್ರ ಮುಂದಿನ ಎರಡರ ವೈರು ಕಿತ್ತಿಟ್ಬಿಡ್ತೀನಿ. ಗೊರಗೊರ ಆದ್ರೂ ತಪ್ಪುತ್ತ."

"ಏ, ಬ್ಯಾಡೋ ಮಾರಾಯ," ಅಂದ ಯಲ್ಲೇಶ. "ದಿನಾ ಕಂಪ್ಲಿಯಿಂದ ಒಬ್ಬನ ಬರ್ತೀನಿ, ನನಗ ಹಾಡು ಬ್ಯಾಡೇನು? ಇರ್ಲಿ ಬಿಡು ಹಂಗ."

ಇರಲಿ ಬಿಡು ಅಂದಮೇಲೆ ಇದ್ದವು. ಹಿಂದಿನ ಬಾಗಿಲಿನ ಕೆಲಸ ಮಧ್ಯಾಹ್ನದ ತನಕ ನಡೆಯಿತು. ಒಳಗಿನ ಕೆಂಪು ಮಣ್ಣನ್ನು ಬ್ರಷ್ಷಿನಿಂದ ಕೆರೆದು ಮೊರದಲ್ಲಿ ತುಂಬಿದರು. ಹೊಸ ಸ್ಪೀಕರು ಹಳೆಯ ತೂತಿಗೆ ಕೂರಲಿಲ್ಲವೆಂದು ಮಾಲತೇಶ ಪ್ಲೈವುಡ್ಡಿನಲ್ಲಿ ಬಳೆ ಕೊರೆದು ಕೂರಿಸಿದ. ಚಂದ್ರಕಲಾ ಸ್ಟೂಲಿನ ಮೇಲೆ ಕೂತು ಪ್ರತಿ ಸ್ಕ್ರೂವನ್ನೂ ನೋಡುತ್ತಿದ್ದಳು.

ಅವತ್ತು ಸಂಜೆ ಮನೆ ಮುಂದೆ ಹಂಪಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬಾಗಿಲು ಹಾಕಿ ಹಚ್ಚಿದರು. ಚಂದ್ರಕಲಾ ಪಕ್ಕದಲ್ಲೇ ಕೂತಿದ್ದಳು. ದನಿ ಬಂತು. ಫೋನಿನಲ್ಲಿ ಎಂದೂ ಕೇಳದ ದನಿ, ಉಸಿರು ಎಳೆದುಕೊಂಡದ್ದೂ ಕೇಳುವಂತೆ. "ಈ ಬಾಳೆತೋಟದ ಕಾಲುವೆಯಲ್ಲಿ ಓಡುವ ನೀರಿಗೆ ಊರು ಹಾಳಾದದ್ದು ಇನ್ನೂ ಗೊತ್ತಿಲ್ಲ. ಅದು ಅಂದಿನ ಹಾಗೇ ಕೆಲಸಕ್ಕೆ ಹೊರಟಿದೆ." ಹಂಪಕ್ಕ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಸ್ಪೀಕರನ್ನೊಮ್ಮೆ, ಮಗಳನ್ನೊಮ್ಮೆ ನೋಡಿದಳು.

"ಇಷ್ಟು ಮಾತು ಎಲ್ಲಿ ಇಟ್ಕೊಂಡಿದ್ದೆಲೇ ಮೂಗಿ?"

ಚಂದ್ರಕಲಾ ಆ ರಾತ್ರಿ ನೋಟ್‌ಬುಕ್ಕಿನಲ್ಲಿ ತಾರೀಖು ಬರೆದು, ಅದರ ಕೆಳಗೆ ಏನೂ ಬರೆಯದೆ ಮುಚ್ಚಿಟ್ಟಳು. ಸಂತೋಷಕ್ಕೆ ಆಕೆಯ ಹತ್ತಿರ ಅಭ್ಯಾಸದ ಮಾತಿರಲಿಲ್ಲ.

ಸೋಮವಾರ ಒಂಬತ್ತಕ್ಕೆ ಟ್ರಾವೆಲ್ಸಿನ ಮುಂದೆ ಕಾರು ನಿಂತಿತು. ಚಂದ್ರಕಲಾ ಹಿಂದಿನ ಸೀಟಿನಲ್ಲಿ ಒಂದು ಮೂಲೆಗೆ ಮುದುಡಿ ಕೂತು, ಇನ್ನೊಂದು ಬದಿಯನ್ನು ಸಾಹೇಬರಿಗೆ ಬಿಟ್ಟಿದ್ದಳು. ಸೀಟನ್ನು ಕರವಸ್ತ್ರದಿಂದ ಎರಡು ಸಲ ಒರೆಸಿಯೂ ಆಗಿತ್ತು. ಈಶ್ವರ್ ಬಿಳಿ ಷರ್ಟಿನಲ್ಲಿ ಮೆಟ್ಟಿಲಿಳಿದು ಬಂದರು. ಬಂದವರೇ ಮುಂದಿನ ಬಾಗಿಲು ತೆಗೆದರು.

"ಸರ್, ಹಿಂದ..." ಅಂದ ಯಲ್ಲೇಶ, ಅರ್ಧಕ್ಕೆ ನಿಂತ.

"ಹಿಂದ ಕುಂತ್ರ ನನಗ ವಾಂತಿ ಬರ್ತೈತೋ. ಇಪ್ಪತ್ತು ವರ್ಷ ಅದಿರು ಲಾರಿ ಹೊಡ್ದೀನಿ, ರಸ್ತಿ ಮುಂದ ಕಾಣಬೇಕು ನನಗ. ನಡಿ." ಸೀಟನ್ನು ಹಿಂದಕ್ಕೆ ಸರಿಸಿ, ಮೊಣಕೈಯನ್ನು ಕಿಟಕಿಗೆ ಊರಿ ಕೂತರು. ಹಳೆಯ ಸ್ಪೀಕರು ಸರಿಯಾಗಿ ಅವರ ಕಾಲಿನ ಬಳಿ.

ಅನಂತಶಯನಗುಡಿ ಬರುವಷ್ಟರಲ್ಲಿ ಯಲ್ಲೇಶ ಸ್ಟೀರಿಯೋಗೆ ಪೆನ್‌ಡ್ರೈವ್ ಸಿಕ್ಕಿಸಿ ಹಚ್ಚಿದ. ಹಿಂದೆ ಚಂದ್ರಕಲಾಳ ದನಿ ತಿಳಿನೀರಿನ ಹಾಗೆ ತುಂಬಿಕೊಂಡಿತು. ಮುಂದೆ ಅದೇ ದನಿ ಗೊರಗೊರ ಅಂತು. ಆಕೆಗೆ ಎರಡೂ ಕೇಳುತ್ತಿದ್ದವು. ಈಶ್ವರರ ಕುತ್ತಿಗೆಯ ಹಿಂಭಾಗವಷ್ಟೇ ಆಕೆಗೆ ಕಾಣುತ್ತಿತ್ತು. ಅದು ಒಮ್ಮೆ ಎಡಕ್ಕೆ ಓರೆಯಾಯಿತು, ಆಮೇಲೆ ನೆಟ್ಟಗಾಯಿತು.

ಒಂದೇ ವಾಕ್ಯ ಸಾಕಿತ್ತು. "ಸರ್, ಮುಂದಿನವು ಹಾಳಾಗ್ಯಾವ, ಐದು ನಿಮಿಷ ಹಿಂದ ಬಂದು ಕೇಳ್ರಿ." ಆಕೆ ಮನಸ್ಸಿನಲ್ಲಿ ಅದನ್ನು ಬರೆದಳು, ತಿದ್ದಿದಳು, 'ದಯವಿಟ್ಟು' ಸೇರಿಸಿದಳು. ಕಡ್ಡಿರಾಂಪುರ ಬಂತು. ಕನ್ನಡಿಯಲ್ಲಿ ಅಣ್ಣನ ಕಣ್ಣು ಸಿಕ್ಕಿತು. ನೀ ಹೇಳು ಅನ್ನುವಂತೆ ನೋಡಿದಳು. ನೀ ಹೇಳು ಅನ್ನುವಂತೆ ಅವನೂ ನೋಡಿದ. ಮುಂದಿನವನ್ನು ಬಂದ್ ಮಾಡುವ ಗುಂಡಿಯೊಂದು ಸ್ಟೀರಿಯೋದ ಪರದೆಯ ಒಳಗೆಲ್ಲೋ ಇತ್ತು. ಸಾಹೇಬರ ಮುಂದೆ ಅದನ್ನು ಹುಡುಕುತ್ತ ಕೂರುವ ಧೈರ್ಯ ಯಲ್ಲೇಶನಿಗಿರಲಿಲ್ಲ. ಅಷ್ಟರಲ್ಲಿ ಈಶ್ವರರಿಗೆ ಫೋನು ಬಂತು. ಬಾಳೆತೋಟದ ಸಾಲು ಬಂದಾಗ ಅವರು ಯಾರಿಗೋ ಡೀಸೆಲ್ಲಿನ ವಿಷಯಕ್ಕೆ ಬೈಯುತ್ತಿದ್ದರು. ಕೊನೆಯ ಸಾಲು, ಹೆಸರಿನದು, ಬಂದಾಗ ಕೈ ಚಾಚಿ ತಾವೇ ಬಂದ್ ಮಾಡಿದರು.

ಹಂಪಿಯಲ್ಲಿ ಇಳಿದು, ಎಳನೀರು ಕುಡಿದು, ಬಾಯಿ ಒರೆಸಿಕೊಂಡು ಅಂದರು:

"ಬರ್ದಿದ್ದು ಚಲೋ ಐತಿ. ಸುಳ್ಳ್ಯಾಕ ಹೇಳ್ಲಿ? ದನಿ ಮಾತ್ರ ಕುಂದ್ರಾಂಗಿಲ್ಲವ್ವ. ಗಂಟಲಾಗ ಏನೋ ಸಿಕ್ಕಂಗ ಐತಿ ನಿಂದು. ಟೂರಿಸ್ಟ್‌ರು ಕೇಳೋದು ಅಂದ್ರ ಸ್ವಲ್ಪ ಕ್ಲಿಯರ್ ಇರಬೇಕು. ನನ್ನ ಮಗಳು ಸ್ಫೂರ್ತಿ ಕಾಲೇಜಿನಾಗ ನಿರೂಪಣಾ ಮಾಡ್ತಾಳ. ಅಕೀ ಕೈಲಿ ಓದಿಸ್ತೀನಿ. ಬರ್ದಿದ್ದು ಐತೇನು, ಕೊಡು."

ನೋಟ್‌ಬುಕ್ಕು ಚೀಲದಲ್ಲಿತ್ತು. ಇಲ್ಲ ಅನ್ನಬಹುದಿತ್ತು. ಇಲ್ಲ ಅನ್ನುವುದಕ್ಕೂ ದನಿ ಬೇಕು. ಚಂದ್ರಕಲಾ ಎರಡೂ ಕೈಯಿಂದ, ಪ್ರಸಾದ ಕೊಡುವವಳ ಹಾಗೆ, ಅದನ್ನು ಕೊಟ್ಟಳು. ಈಶ್ವರ್ ಅದನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಅವರು ಕೆಟ್ಟವರೇನಲ್ಲ. ಹೋಗುವಾಗ ಆಕೆಗೂ ಒಂದು ಎಳನೀರು ಕೊಡಿಸಿದರು.

ಮೂರನೆಯ ದಿನ ಯಲ್ಲೇಶ ಕಾರು ಒರೆಸುವಾಗ ಚಂದ್ರಕಲಾ ಹೊಸ್ತಿಲಲ್ಲಿ ನಿಂತು ಕೇಳಿದಳು, "ಅವರು ಮುಂದ ಕುಂದರ್ತಾರ ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ತು. ಎಲ್ಲಾ ಡ್ರೈವರ್‌ಗೂ ಗೊತ್ತೈತಿ."

"ಮಾಲತೇಶನ ಅಂಗಡ್ಯಾಗ ಯಾಕ ಹೇಳ್ಲಿಲ್ಲ?"

"ಗಿರಾಕಿ ಗಿರಾಕಿ ಅಂದಿ, ನನಗೂ ಗಿರಾಕಿನ ತಲ್ಯಾಗ ಬಂದ್ರು. ಮಾಲಕನ್ನ ಯಾರು ಗಿರಾಕಿ ಅನ್ಕೋತಾರ?" ಬಟ್ಟೆ ಹಿಂಡಿದ. ಕೆಂಪು ನೀರು ಬಂತು. "ಕುಂತಮ್ಯಾಲ ಎಬ್ಬಿಸಿ ಹಿಂದ ಹೋಗ್ರಿ ಅನ್ನಾಕ ನಾನೇನು ಅವರ ಮಾವನ ಮಗನೇನು? ನಾಳಿ ಟ್ರಿಪ್ ಕೊಡಲ್ಲ ಅಂದ್ರ?"

ತಿಂಗಳೊಪ್ಪತ್ತಿನಲ್ಲಿ ಸ್ಫೂರ್ತಿಯ ದನಿ ಹನ್ನೊಂದು ಪೆನ್‌ಡ್ರೈವಿನಲ್ಲಿ ಹನ್ನೊಂದು ಗಾಡಿಗೆ ಬಂತು. ಒಂದು ಅಕ್ಷರವೂ ಬದಲಾಗಿರಲಿಲ್ಲ, ಕೊನೆಯ ಸಾಲಿನ ಹೆಸರೊಂದನ್ನು ಬಿಟ್ಟು. ಯಲ್ಲೇಶನ ಗಾಡಿಯಲ್ಲಿ ಕೂತ ಗಿರಾಕಿಗಳು ಭಾಳ ಹೊಗಳುತ್ತಿದ್ದರಂತೆ. ಉಳಿದ ಹತ್ತು ಗಾಡಿಯಲ್ಲಿ ಹಿಂದೆ ಇಷ್ಟು ಚಂದ ಕೇಳುತ್ತಿರಲಿಲ್ಲ. ಹೊಗಳಿಕೆಯ ಸುದ್ದಿಯನ್ನು ಯಲ್ಲೇಶ ಮನೆಗೆ ತಂದು ಹೇಳುತ್ತಿರಲಿಲ್ಲ. ಓಣಿಯವರಿಗೆ ಹೇಳುವುದು ಕಿಟಕಿಯಿಂದ ಚಂದ್ರಕಲಾಗೆ ಕೇಳುತ್ತಿತ್ತು.

ಒಂದು ಭಾನುವಾರ ಅವನು ಕಂಕುಳಲ್ಲಿ ಹೊಸ ಡಬ್ಬಿ ಇಟ್ಟುಕೊಂಡು ಬಂದ. ಮುಖದಲ್ಲಿ ನಗು ಅದುಮಿಟ್ಟುಕೊಂಡಿದ್ದ.

"ಏನದು?" ಅಂದಳು ಹಂಪಕ್ಕ.

"ಸ್ಪೀಕರು. ಮುಂದಿನ ಬಾಗ್ಲಿಗೆ. ಸಾಹೇಬರ ಕೊಡ್ಸಿದ್ರಬೇ!" ಹೇಳುತ್ತ ಹೇಳುತ್ತ ಅವನಿಗೆ ಹುಮ್ಮಸ್ಸು ಏರಿತು. "ನಿನ್ನಿ ನನ್ನ ಗಾಡ್ಯಾಗ ಬಂದ್ರು. ಮಗಳದು ಹಚ್ಚು ಅಂದ್ರು, ಹಚ್ಚಿದೆ. ಗೊರಗೊರ ಅಂತು. ಎರಡ ಮಾತು ಬಂದಿದ್ದಿಲ್ಲ, 'ಲೇ ಯಲ್ಲೇಶ, ನಿನ್ನ ಸ್ಪೀಕರ್ ಹಾಳಾಗ್ಯಾವಲೇ, ನನ್ನ ಮಗಳ ದನಿ ಹಿಂಗೈತೇನು? ಮೊದ್ಲು ಬದಲಾಯ್ಸು' ಅಂದು ಅಲ್ಲೇ ಮಾಲತೇಶಗ ಫೋನ್ ಹಚ್ಚಿದ್ರು..."

ಹೇಳುತ್ತಿದ್ದವನಿಗೆ ತಾನು ಏನು ಹೇಳುತ್ತಿದ್ದೇನೆಂಬುದು ತಡವಾಗಿ ಹೊಳೆಯಿತು. ಡಬ್ಬಿಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದ.

"ನೀ ಏನಂದಿ?" ಕೇಳಿದಳು ಚಂದ್ರಕಲಾ.

"ನಾನೇನನ್ಲಿ? ಹೂಂ ರೀ ಅಂದೆ." ಆಮೇಲೆ, ಕೆಟ್ಟ ಮನಸ್ಸಿನಿಂದಲ್ಲ, ಬರೀ ಮುಜುಗರ ತಾಳಲಾರದೆ ಅಂದ: "ಅವತ್ತ ಬಾಯಿ ನಿನಗೂ ಇತ್ತಲ್ಲವ್ವ."

ಅವನ ಮಾತು ಸರಿಯಿತ್ತು, ಅದು ಸರಿಯಿದ್ದದ್ದೇ ಆಕೆಗೆ ಸಹಿಸಲಾಗಲಿಲ್ಲ.

ಅಂಗಳದಲ್ಲಿ ಯಲ್ಲೇಶ ಬಾಗಿಲ ಒಳಹೊದಿಕೆ ಬಿಚ್ಚಿ, ಮಾಲತೇಶ ಮಾಡಿದ್ದನ್ನು ನೆನಪಿಸಿಕೊಂಡು ತಾನೇ ಕೂರಿಸಿದ. ಗಂಟೆ ಕಳೆಯುವಷ್ಟರಲ್ಲಿ ನಾಲ್ಕೂ ಬಾಗಿಲು ತೆಗೆದಿಟ್ಟು ಹಚ್ಚಿದ. ಭಾನುವಾರ, ಮಿಲ್ಲು ನಿಂತಿತ್ತು. ಆ ಕಡೆ ಕಾಲುವೆಯ ತನಕ ಸ್ಫೂರ್ತಿಯ ದನಿ ಹೋಯಿತು. "ನೀರಿಗೆ ಊರು ಹಾಳಾದದ್ದು ಇನ್ನೂ ಗೊತ್ತಿಲ್ಲ..." ಎಲ್ಲೂ ಒಂದು ಹರಳಿನಷ್ಟು ಕರಕರ ಇಲ್ಲ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಹಂಪಕ್ಕನ ಕೈ ನಿಂತಿತು.

"ಇಕೀನ ಏನವ್ವ ಸಾಹೇಬರ ಮಗಳು? ಭಾಳ ಚಲೋ ಹೇಳ್ತಾಳ."

"ಸ್ಪೀಕರ್ ಚಲೋ ಅದಾವಬೇ," ಅಂದಳು ಚಂದ್ರಕಲಾ.

ಎಂದಿನಂತೆ ಮೆಲ್ಲಗೆ ಅಂದಿದ್ದರಿಂದ ಹಂಪಕ್ಕನಿಗೆ ಕೇಳಿಸಲಿಲ್ಲ. "ಏನಂದಿ?" ಅಂದಳು. ಚಂದ್ರಕಲಾ ಎರಡನೆಯ ಸಲ ಹೇಳಲಿಲ್ಲ.