ಜೋಪಾನಕ್ಕೆ ಇಟ್ಟ ಪಾಸ್‌ಪೋರ್ಟ್

ವೀಸಾದ ಮೊಹರು ಬಿದ್ದ ಪಾಸ್‌ಪೋರ್ಟನ್ನು ಡಚ್ ಮೇಡಮ್ ಮಿರ್ಯಾಮ್ ಜೂಲಿಯಾನಾಳ ಕೈಗೇ ಕೊಟ್ಟಾಗ, ಕೆಲಸ ಹೋಯಿತೆಂದೇ ಅವಳು ಹೆದರಿದಳು. ಕತಾರಿನಲ್ಲಿ ಮನೆಗೆಲಸದವರ ಪಾಸ್‌ಪೋರ್ಟ್ ಧಣಿಗಳ ಕಪಾಟಿನಲ್ಲಿರುವುದೇ ವಾಡಿಕೆ. ಜೋಪಾನಕ್ಕೆ ಎನ್ನುತ್ತಾರೆ. ಕೈಗೆ ಬಂತೆಂದರೆ ಖಲಾಸ್, ಊರಿಗೆ ಟಿಕೆಟ್. ಹಿಂದಿನ ಧಣಿಯ ಮನೆ ಬಿಟ್ಟು ಅಲ್ ಖೋರ್‌ನ ಈ ಮನೆ ಸೇರಿ ತಿಂಗಳೂ ಆಗಿರಲಿಲ್ಲ, ಊರಿನಲ್ಲಿ ಬಜ್ಪೆಯ ಮನೆಗೆ ಹೆಂಚಿನ ಮಾಡು ಹೊದಿಸುವುದು ಬಾಕಿ.

ದೋಹಾದಲ್ಲಿ ಡ್ರೈವರಾಗಿದ್ದ ಅಣ್ಣ ವಲೇರಿಯನ್‌ಗೆ ಫೋನ್ ಮಾಡಿದಳು.

"ನೀನು ಎಂತ ಮಾಡಿದ್ದು ಮಾರಾಯ್ತಿ?"

"ಒಂದು ಗ್ಲಾಸ್ ಒಡೆದದ್ದು, ಅಷ್ಟೇ."

"ಹಾಗಾದ್ರೆ ಪರೀಕ್ಷೆ ಅದು. ನೀನು ಓಡಿಹೋಗ್ತೀಯಾ ಅಂತ ನೋಡುದು. ವಾಪಸ್ ಕೊಟ್ಟುಬಿಡು."

ಸಂಶಯದ ಕಣ್ಣಿಗೆ ಹಗ್ಗವೂ ಹಾವೇ. ಮಿರ್ಯಾಮ್ ಮತ್ತು ಅವಳ ಗಂಡ ತಮ್ಮ ಭಾಷೆಯಲ್ಲಿ ಮಾತಾಡಿದರೆ ಅದು ತನ್ನದೇ ವಿಷಯ. ಹಾಲ್‌ನಲ್ಲಿ ಸೂಟ್‌ಕೇಸ್ ಕಂಡರೆ ಅದು ತನಗೇ. ಕೊನೆಗೆ ತಡೆಯಲಾರದೆ ಪಾಸ್‌ಪೋರ್ಟನ್ನು ತಂದು ಮೇಜಿನ ಮೇಲಿಟ್ಟಳು.

"ನೀವೇ ಇಟ್ಟುಕೊಳ್ಳಿ ಮೇಡಮ್. ನನ್ನನ್ನು ಕಳಿಸಬೇಡಿ."

ಮಿರ್ಯಾಮ್ ಅದನ್ನು ಮುಟ್ಟದೆ, ಜೂಲಿಯಾನಾ ದಿನಾ ಧೂಳು ಒರೆಸುವ ಗೋಡೆಯ ಫೋಟೋವನ್ನು ತೋರಿಸಿ, "ನನ್ನ ಅಮ್ಮ, ಎಸ್ತರ್" ಎಂದಳು. ಇಬ್ಬರದೂ ಹರಕುಮುರುಕು ಇಂಗ್ಲಿಷ್, ಆದರೂ ಕಥೆ ತಿಳಿಯಿತು.

ನಾಜಿಗಳು ಯಹೂದಿಗಳನ್ನು ಹಿಡಿದೊಯ್ದು ಕೊಲ್ಲುತ್ತಿದ್ದ ಕಾಲ. ಯಹೂದಿ ಹುಡುಗಿಯರಾದ ಎಸ್ತರ್ ಮತ್ತು ಅವಳ ತಂಗಿ ಆಮ್‌ಸ್ಟರ್‌ಡ್ಯಾಮಿನ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಯಜಮಾನ ಎಲ್ಲರ ಗುರುತಿನ ಚೀಟಿ ತೆಗೆದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದ. ಎಸ್ತರ್ ಮಾತ್ರ 'ಮನೆಯಲ್ಲಿ ಮರೆತೆ' ಎಂದು ದಿನಾ ಸುಳ್ಳು ಹೇಳಿ ಚೀಟಿಯನ್ನು ಅಂಗಿಯೊಳಗೇ ಇಟ್ಟುಕೊಂಡಳು. ಪೊಲೀಸರು ಬಂದ ದಿನ ಆ ಮಹಾರಾಯ ಕಪಾಟನ್ನೇ ತೆರೆದುಕೊಟ್ಟ. ಗಿರಾಕಿಯ ಮನೆಗೆ ಕೋಟು ತಲುಪಿಸಲು ಹೋಗಿದ್ದ ಎಸ್ತರಳ ಹೆಸರು, ವಿಳಾಸ ಅವರಿಗೆ ಸಿಗಲಿಲ್ಲ. ಯುದ್ಧ ಮುಗಿಯುವವರೆಗೆ ರೈತನೊಬ್ಬನ ಅಟ್ಟದಲ್ಲಿ ಅಡಗಿ ಬದುಕಿದಳು. ಚೀಟಿ ಕೊಟ್ಟಿದ್ದ ತಂಗಿಯನ್ನು ಹಿಡಿದೊಯ್ದರು, ಅವಳು ಮರಳಿ ಬರಲೇ ಇಲ್ಲ.

"ನಮ್ಮ ಮನೆಯಲ್ಲಿ ಯಾರ ಚೀಟಿಯನ್ನೂ ಇನ್ನೊಬ್ಬರು ಇಟ್ಟುಕೊಳ್ಳಬಾರದು ಅಂತ ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು" ಎಂದಳು ಮಿರ್ಯಾಮ್.

ಜೂಲಿಯಾನಾ ಫೋಟೋವನ್ನೇ ನೋಡುತ್ತ ಕೇಳಿದಳು: "ಚೀಟಿ ತೆಗೆದುಕೊಳ್ಳುವಾಗ ಆ ಯಜಮಾನ ಎಂತ ಹೇಳಿದ್ದ?"

"ಜೋಪಾನಕ್ಕೆ ಅಂತ."

ಹಿಂದಿನ ಧಣಿಯೂ ಅದನ್ನೇ ಹೇಳಿದ್ದ. ನಾಲ್ಕು ವರ್ಷ ಅವಳು ಅದನ್ನು ನಂಬಿದ್ದಳು. ಅಪ್ಪ ತೀರಿಕೊಂಡಾಗಲೂ, ಅವಳು ಊರಿಗೆ ಹೋಗಲೆಂದು ಅವನು ಕಪಾಟು ತೆರೆದಿರಲಿಲ್ಲ. ಮೇಜಿನ ಮೇಲಿದ್ದ ಪಾಸ್‌ಪೋರ್ಟನ್ನು ಎತ್ತಿ ರವಿಕೆಯೊಳಗೆ ಸೇರಿಸಿದಳು.

ಶುಕ್ರವಾರ ಅಣ್ಣನಿಗೆ ಮತ್ತೆ ಫೋನ್ ಮಾಡಿದಳು.

"ವಾಪಸ್ ಕೊಟ್ಟಿಯಾ?"

"ಇಲ್ಲ. ನಿನ್ನ ಪಾಸ್‌ಪೋರ್ಟ್ ಎಲ್ಲುಂಟು ಅಣ್ಣ?"

"ಆಫೀಸಿನಲ್ಲಿ. ಜೋಪಾನಕ್ಕೆ."

"ಯಾರ ಜೋಪಾನಕ್ಕೆ?"